ಕೌದಿ ಗುಂಪಿನ ಒಂದು ದಿನದ ಪ್ರವಾಸ: ಹಳಿಯಾಳ ಕಡೆಗೋ, ಗುಳೇದಗುಡ್ಡಕ್ಕೋ?

ಸೂಜಿದಾರ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ಸಲಹೆ ಬೇಕಾಗಿದೆ.

ನಾವು ಅನಗೋಳ, ಟಿಳಕವಾಡಿ ಕಡೆಯ ಹೆಂಗಸರು. ವಾರಕ್ಕೊಮ್ಮೆ ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರಿ ಕೌದಿ ಹೊಲಿಯುತ್ತೇವೆ. ಒಂದು ಟೆಂಪೋ ಟ್ರಾವೆಲರ್ ತುಂಬುವಷ್ಟು ಜನ ಇದ್ದೇವೆ. ರಿಟೈರ್ ಆದ ಟೀಚರ್‌ಗಳಿದ್ದಾರೆ, ಮನೆಯಲ್ಲೇ ಇರುವವರಿದ್ದಾರೆ, ಕಾಲೇಜಿಗೆ ಹೋಗುವ ಹುಡುಗಿಯರೂ ಇದ್ದಾರೆ. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಮಕ್ಕಳ ಹಳೆ ಫ್ರಾಕು, ಯಾರ ಟ್ರಂಕಿನಲ್ಲಿ ಏನು ಸಿಗುತ್ತೋ ಅದನ್ನೇ ಪದರ ಹಾಕಿ ಹೊಲಿಯುವುದು. ಮಾರಾಟಕ್ಕೇನೂ ಅಲ್ಲ. ಮೊಮ್ಮಕ್ಕಳಿಗೆ, ಬಾಣಂತಿಯರಿಗೆ ಕೊಡುತ್ತೇವೆ.

ಈಗ ಎಲ್ಲರಿಗೂ ಒಂದು ದಿನ ಹೊರಗೆ ಹೋಗಿ ಬರುವ ಆಸೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬಂದಿರಬೇಕು. ಬರೀ ದೇವಸ್ಥಾನ, ಡ್ಯಾಮ್ ನೋಡಿಕೊಂಡು ಬರುವುದು ಬೇಡ, ನಾವು ಮಾಡುವ ಕೆಲಸಕ್ಕೆ ಹತ್ತಿರದ ಊರೇ ಆಗಬೇಕು ಅಂತ ಎಲ್ಲರೂ ಹೇಳಿದ್ದಾರೆ. ಹೀಗಾಗಿ ಎರಡು ಹೆಸರು ಬಂದಿವೆ. ಒಂದು, ಹಳಿಯಾಳ ಕಡೆ ಹೋಗಿ ಸಿದ್ದಿ ಹೆಂಗಸರು, ಅಂದರೆ ಆಫ್ರಿಕಾ ಮೂಲದ ಸಮುದಾಯದವರು, ಹೊಲಿಯುವ ಕೌದಿ ನೋಡುವುದು. ಇನ್ನೊಂದು, ಗುಳೇದಗುಡ್ಡದಲ್ಲಿ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಮಗ್ಗ ನೋಡುವುದು, ಹಾಗೇ ಇಳಕಲ್. ಇಬ್ಬರಿಗೆ ಮೊಣಕಾಲು ನೋವು, ಜಾಸ್ತಿ ಹತ್ತಿ ಇಳಿಯುವುದು ಆಗುವುದಿಲ್ಲ.

ನನಗೆ ಇನ್ನೊಂದು ವಿಚಾರ ಕೊರೆಯುತ್ತಿದೆ. ಮಗ್ಗದ ಊರಿನಲ್ಲಿ ಅಂಗಡಿ ಇರುತ್ತದೆ, ವ್ಯಾಪಾರ ಇರುತ್ತದೆ, ನಾವು ಹೋದರೆ ಗಿರಾಕಿಗಳು. ಸಿದ್ದಿಯವರ ಕೇರಿಯಲ್ಲಿ ಹಾಗಲ್ಲ. ಅದು ಅವರ ಮನೆ, ಅವರ ಅಂಗಳ. ನಾವು ಗಾಡಿಯಿಂದ ದಬದಬ ಇಳಿದು ಮೊಬೈಲ್ ಹಿಡಿದು ನಿಂತರೆ ಅವರಿಗೆ ಹೇಗನ್ನಿಸಬೇಡ? ಆದರೆ ಅವರ ಕೌದಿಯನ್ನು ಕಣ್ಣಾರೆ ನೋಡಬೇಕು, ಸಾಧ್ಯವಾದರೆ ಪಕ್ಕದಲ್ಲಿ ಕೂತು ಕಲಿಯಬೇಕು ಅನ್ನುವ ಆಸೆಯೂ ನಿಜ. ಹೋಗಿ ಬಂದವರು, ಆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಯಾವ ತಿಂಗಳು ಒಳ್ಳೆಯದು, ಏನು ತಗೊಂಡು ಹೋಗಬೇಕು, ದುಡ್ಡಿನ ವಿಷಯ ಹೇಗೆ ಮಾತಾಡಬೇಕು, ಎಲ್ಲಾ.

ಮಗ್ಗದಮನೆ, ಗುಳೇದಗುಡ್ಡ

ಅಕ್ಕಾರೆ, ನಮ್ಮ ಊರಿಗೆ ಖಂಡಿತ ಬನ್ನಿ. ಆದರೆ ದೂರದ ಲೆಕ್ಕ ಮೊದಲು ನೋಡಿ. ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ ದಾರಿಯಲ್ಲಿ ಬಾಗಲಕೋಟೆಗೇ 140 ಕಿ.ಮೀ. ಆಸುಪಾಸು ಆಗುತ್ತದೆ. ಅಲ್ಲಿಂದ ಮುಂದೆ ನಮ್ಮೂರು. ಬೆಳಿಗ್ಗೆ ಬೇಗ ಬಿಟ್ಟರೆ ಗುಳೇದಗುಡ್ಡ ಒಂದನ್ನು ನೋಡಿಕೊಂಡು ಹೋಗಬಹುದು. ಅದರ ಜೊತೆ ಇಳಕಲ್ ಕೂಡ ಒಂದೇ ದಿನ ಅಂದರೆ ಗಾಡಿಯಲ್ಲೇ ದಿನ ಹೋಗುತ್ತದೆ, ಮೊಣಕಾಲು ನೋವಿನವರಿಗೆ ಇನ್ನೂ ಕಷ್ಟ. ಬಾದಾಮಿಯಲ್ಲಿ ರಾತ್ರಿ ಉಳಿಯುವುದಾದರೆ ಎರಡೂ ಆರಾಮಾಗಿ ಆಗುತ್ತವೆ.

ಇಲ್ಲಿ ಏನು ನೋಡಬೇಕು ಅಂದರೆ, ಅಂಗಡಿಯನ್ನಲ್ಲ, ಕುಣಿ ಮಗ್ಗವನ್ನು. ನೇಕಾರ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾನೆ, ತುಳಿಮಣೆ ಕೆಳಗಿರುತ್ತದೆ, ತಲೆಯ ಮೇಲೆ ಚಿತ್ತಾರ ಎತ್ತುವ ಡಾಬಿ. ಖಣದ ಒಂದೊಂದು ಚಿತ್ತಾರಕ್ಕೂ ಹೆಸರಿದೆ, ತೇರು, ಆನೆ ಹೆಜ್ಜೆ, ಹೀಗೆ. ಮೈಯೆಲ್ಲಾ ಸಣ್ಣ ಸಣ್ಣ ಚಿತ್ತಾರ, ಎರಡೂ ಕಡೆ ಅಂಚು. ಕುಪ್ಪಸಕ್ಕೆ ಅಂತಲೇ ನೇಯ್ದ ಬಟ್ಟೆ ಆದ್ದರಿಂದ ಪನ್ನ, ಅಂದರೆ ಅಗಲ, ಕಿರಿದು. ಖಣಕ್ಕೂ ಇಳಕಲ್ ಸೀರೆಗೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಆದರೆ ಕೈಮಗ್ಗಗಳು ಎಷ್ಟೋ ಮನೆಗಳಲ್ಲಿ ನಿಂತು ಹೋಗಿವೆ, ಪವರ್‌ಲೂಮ್ ಬಂದಿದೆ, ಹೊಸ ಹುಡುಗರು ಕುಣಿಗೆ ಇಳಿಯುವುದಿಲ್ಲ. ಹಾಗಾಗಿ ನೀವು ಬಂದಾಗ 'ಕೈಮಗ್ಗದ್ದೇ ತೋರಿಸಿ' ಅಂತ ಕೇಳಿ. ಕೇಳುವವರು ಇದ್ದರೆ ನೇಯುವವರಿಗೆ ಹುರುಪು ಬರುತ್ತದೆ.

ಇಳಕಲ್‌ಗೆ ಎಂದಾದರೂ ಹೋದರೆ ಸೆರಗು ಕೂಡಿಸುವುದನ್ನು ನೋಡದೆ ಬರಬೇಡಿ. ಒಡಲಿನ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹೋಗುವ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಡಲಿನ ಎಳೆಗಳ ಕುಣಿಕೆಯಲ್ಲಿ ಸೆರಗಿನ ಎಳೆಗಳ ಕುಣಿಕೆ ಸಿಕ್ಕಿಸಿ ಒಂದೊಂದಾಗಿ ಕೂಡಿಸುತ್ತಾರೆ. ಅದಕ್ಕೆ ಟೋಪ್ ತೆನಿ ಅಂತಾರೆ. ನೀವು ಅಜ್ಜಿಯ ಸೀರೆ ಕತ್ತರಿಸುವಾಗ ಕೆಂಪು ಸೆರಗು ಒಡಲಿಗೆ ಸೇರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ, ಆ ಕೂಡು ಕೈಗೆ ಸಿಗುತ್ತದೆ.

ಹೊಸ ಖಣವನ್ನು ಕೌದಿಗೆ ಹಚ್ಚುವವರಿಗೆ ಒಂದು ಮಾತು. ಮೊದಲು ಬೇರೆಯಾಗಿ ನೆನೆಹಾಕಿ ಒಗೆದು ಒಣಗಿಸಿ. ಕೆಂಪು, ಜಾಂಬಳಿ ಬಣ್ಣ ಬಿಟ್ಟರೆ ಪಕ್ಕದ ಬಿಳಿ ಧೋತರ ಕೆಡುತ್ತದೆ.

ಖಾನಾಪುರದವಳು

ಸೂಜಿದಾರ ಅವರೆ, ಅಂಗಳದ ವಿಷಯ ಮೊದಲೇ ಯೋಚಿಸಿದ್ದೀರಲ್ಲ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ. ನಾನು ಹಳಿಯಾಳ ತಾಲೂಕಿನ ಒಂದು ಸ್ವಸಹಾಯ ಗುಂಪಿನ ಜೊತೆ ಕೆಲಸ ಮಾಡಿದವಳು. ಈಗಲೂ ಆ ಹೆಂಗಸರ ಮನೆಗೆ ಹೋಗಿ ಬರುತ್ತೇನೆ.

ದಾರಿ ಸುಲಭ. ಖಾನಾಪುರ, ನಂದಗಡ ದಾಟಿ ಹಳಿಯಾಳ. ಸುಮಾರು ಎರಡು ತಾಸು ಅಂದುಕೊಳ್ಳಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ನಮ್ಮ ಖಾನಾಪುರ ತಾಲೂಕಿನಲ್ಲೂ ಸಿದ್ದಿ ಮನೆಗಳಿವೆ, ಆದರೆ ಹೆಚ್ಚು ಜನ ಇರುವುದು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಕಡೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದಿದ್ದ ಜನರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು, ಅವರ ವಂಶದವರು ಇವರಲ್ಲಿ ಬಹಳ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು. ಕನ್ನಡ ಚೆನ್ನಾಗಿ ಬರುತ್ತದೆ, ಆದ್ದರಿಂದ ಮಾತಿಗೆ ತೊಂದರೆಯೇ ಇಲ್ಲ.

ಈಗ ಕೌದಿ. ನಾವು ಬೆಳಗಾವಿ ಕಡೆ ಪದರ ಹಾಸಿ ದೊಡ್ಡ ಟಾಕು ಹಾಕಿ ನಿಲ್ಲಿಸಿಕೊಂಡು ಆಮೇಲೆ ಸಾಲಾಗಿ ಹೊಲಿಯುತ್ತೇವೆ ಅಲ್ವಾ? ಅವರು ಹಾಗಲ್ಲ. ಕೆಳಗೆ ಒಂದು ಹಳೆ ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು. ತುಂಡು ಇಡುತ್ತಾರೆ, ಅಂಚು ಬೆರಳಿನಿಂದ ಒಳಗೆ ಮಡಚುತ್ತಾರೆ, ಹೊಲಿಯುತ್ತಾ ಮುಂದೆ ಹೋಗುತ್ತಾರೆ, ಮುಂದಿನ ತುಂಡು ಅದರ ಮೇಲೆ ಸ್ವಲ್ಪ ಏರಿ ಕೂರುತ್ತದೆ. ಹೀಗೆ ನಾಲ್ಕೂ ಬದಿ ಸುತ್ತಿ, ಮತ್ತೆ ಒಳಗಿನ ಸುತ್ತು, ಮತ್ತೆ ಅದರೊಳಗಿನ ಸುತ್ತು, ಕೊನೆಗೆ ನಡುವಿನಲ್ಲಿ ಮುಗಿಯುತ್ತದೆ. ತೇಪೆ ಹಚ್ಚುವುದು, ಪದರ ಕೂಡಿಸುವುದು ಎರಡೂ ಒಂದೇ ಹೊಲಿಗೆಯಲ್ಲಿ ಆಗಿಬಿಡುತ್ತದೆ. ಪಿನ್ನಿಲ್ಲ, ಚೌಕಟ್ಟಿಲ್ಲ, ಅಳತೆ ಪಟ್ಟಿಯಿಲ್ಲ. ಮುಗಿದ ಕೌದಿಯನ್ನು ಬಿಸಿಲಿಗೆ ಹಿಡಿದರೆ ಹೊಲಿಗೆಯ ಸಾಲುಗಳು ಹೊರಗಿನಿಂದ ಒಳಕ್ಕೆ ಚೌಕ ಚೌಕವಾಗಿ ಇಳಿದು ಹೋಗಿರುವುದು ಕಾಣುತ್ತದೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿ ಮಡಚಿ ಮಾಡಿದ ದಪ್ಪ ತುಂಡು ಹಚ್ಚುತ್ತಾರೆ, ಅದನ್ನು ಫುಲಾ ಅಂತಾರೆ. ಅದಿಲ್ಲದೆ ಕೌದಿ ಮುಗಿಯಿತು ಅನ್ನುವುದಿಲ್ಲ. ಕೆಲವರ ಕೌದಿಯಲ್ಲಿ ಶಿಲುಬೆ, ಕೆಲವರದ್ದರಲ್ಲಿ ಅರ್ಧಚಂದ್ರ ಕಾಣಬಹುದು. ಇದೇ ಕೌದಿಗಳು 2011ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಸೆಂಟರ್‌ನಲ್ಲಿ ಪ್ರದರ್ಶನಕ್ಕೆ ಹೋಗಿದ್ದವು. ಎರಡು ತಾಸಿನ ದಾರಿಯಲ್ಲಿರುವ ನಮಗೆ ಎಷ್ಟು ಜನಕ್ಕೆ ಗೊತ್ತು ಹೇಳಿ.

ತಿಂಗಳು: ಜನವರಿಯಿಂದ ಮಾರ್ಚ್. ಅದಕ್ಕೆ ಮುಂಚೆ ಭತ್ತದ ಕೊಯ್ಲು, ಹೆಂಗಸರು ಕೂಲಿಗೆ ಹೋಗಿರುತ್ತಾರೆ. ಹಬ್ಬದ ದಿನ, ಮದುವೆ ದಿನ ಕೇಳಿಕೊಂಡು ಬಿಟ್ಟುಬಿಡಿ.

ದುಡ್ಡು: ನೀವು ಕೂತು ಕಲಿಯುವ ದಿನ ಅವರು ಕೂಲಿ ಬಿಟ್ಟು ಕೂತಿರುತ್ತಾರೆ. ಆದ್ದರಿಂದ ಕಲಿಸುವ ಪ್ರತಿಯೊಬ್ಬರಿಗೂ ಒಂದು ದಿನದ ಕೂಲಿಗಿಂತ ಜಾಸ್ತಿಯೇ ಕೊಡಬೇಕು, ಅದನ್ನು ಹೋಗುವ ಮೊದಲೇ ಮಾತಾಡಿ ಮುಗಿಸಬೇಕು. ಅಡುಗೆ ಅವರೇ ಮಾಡುವುದಾದರೆ ಅದರ ಖರ್ಚು ಬೇರೆ. ಕೌದಿ ಕೊಳ್ಳುವಾಗ ಚೌಕಾಸಿ ಬೇಡ, ಇದನ್ನು ನಿಮ್ಮ ಗುಂಪಿನಲ್ಲಿ ಗಟ್ಟಿಯಾಗಿ ಹೇಳಿಬಿಡಿ. ಒಂದು ಹಾಸಿಗೆ ಅಳತೆಯ ಕೌದಿ ಮನೆಗೆಲಸ, ಕೂಲಿ ನಡುವೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನೀವೇ ಹೊಲಿಯುವವರು, ಅದರ ಶ್ರಮ ನಿಮಗೆ ಗೊತ್ತು. 'ಹಳೆ ಬಟ್ಟೆಗೆ ಇಷ್ಟೊಂದಾ' ಅನ್ನುವ ಮಾತು ಹೊಲಿಯುವವರ ಬಾಯಿಂದ ಬರಲೇಬಾರದು.

ಇನ್ನೊಂದು, ಇದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ. ಪ್ರವಾಸಕ್ಕೆ ಅಂತ ಬಂದವರು ಹೆಂಗಸರನ್ನು ಎಬ್ಬಿಸಿ ಡಮಾಮಿ ಕುಣಿತ ಕುಣಿದು ತೋರಿಸಿ ಅನ್ನುತ್ತಾರೆ. ಮಕ್ಕಳ ಕೂದಲು ಮುಟ್ಟಿ ನೋಡುತ್ತಾರೆ. 'ನೀವು ಯಾವ ದೇಶದವರು' ಅಂತ ಕೇಳುತ್ತಾರೆ. ಇವರು ಇಲ್ಲೇ ಹುಟ್ಟಿ, ಇಲ್ಲೇ ಉತ್ತು ಬಿತ್ತು ಬದುಕಿದವರು, ರೇಷನ್ ಅಂಗಡಿಯಲ್ಲಿ ನಮ್ಮ ಹಾಗೇ ಸಾಲಿನಲ್ಲಿ ನಿಲ್ಲುವವರು. ನಿಮ್ಮ ಗುಂಪಿನವರು ಹಾಗೆ ಮಾಡುವುದಿಲ್ಲ ಅಂತ ಗೊತ್ತು, ಆದರೂ ಗಾಡಿಯಲ್ಲಿ ಹೋಗುವಾಗಲೇ ಒಮ್ಮೆ ಮಾತಾಡಿಕೊಳ್ಳಿ. ಒಂದೇ ಅಂಗಳಕ್ಕೆ ಎಲ್ಲರೂ ಹೋಗದೆ ಮೂರು ನಾಲ್ಕು ಮನೆಗೆ ಹಂಚಿಕೊಂಡು ಕೂತರೆ ಅವರಿಗೂ ಆರಾಮ, ನಿಮಗೂ ಕಲಿಯಲು ಆಗುತ್ತದೆ.

ಗುಮ್ಮಟನಗರಿ, ವಿಜಯಪುರ

ಸಿದ್ದಿ ಕೌದಿ ನಾನು ನೋಡಿಲ್ಲ, ಆದರೆ ಇಂಥದೇ ಇನ್ನೊಂದು ಪ್ರವಾಸ ಮಾಡಿದ್ದೇನೆ, ಅದು ನಿಮಗೆ ಉಪಯೋಗ ಆಗಬಹುದು ಅಂತ ಬರೆಯುತ್ತೇನೆ.

ಮಗಳು ಫಿಲಡೆಲ್ಫಿಯಾ ಹತ್ತಿರ ಇದ್ದಾಳೆ. ಬಾಣಂತನಕ್ಕೆ ಹೋಗಿದ್ದಾಗ ಅವಳ ಮನೆ ಹತ್ತಿರದ ಲೈಬ್ರರಿಯಲ್ಲಿ ಕ್ವಿಲ್ಟ್, ಅಂದರೆ ಅಲ್ಲಿಯ ಕೌದಿ, ಹೊಲಿಯುವ ಹೆಂಗಸರ ಗುಂಪು ಸಿಕ್ಕಿತು. ಅವರು ಬಸ್ ಮಾಡಿಕೊಂಡು ಲ್ಯಾಂಕಾಸ್ಟರ್ ಕೌಂಟಿಗೆ ಹೊರಟಿದ್ದರು, ನನ್ನನ್ನೂ ಕರೆದರು. ಅದು ಆಮಿಶ್ ಜನರ ಸೀಮೆ. ಯುರೋಪಿನಿಂದ ಸುಮಾರು 300 ವರ್ಷದ ಹಿಂದೆ ಬಂದು ನೆಲೆಸಿದ ಕ್ರಿಶ್ಚಿಯನ್ ಪಂಗಡ. ಮನೆಗೆ ಲೈನಿನ ಕರೆಂಟ್ ಎಳೆಸುವುದಿಲ್ಲ, ಕಾರು ಇಟ್ಟುಕೊಳ್ಳುವುದಿಲ್ಲ, ಬೂದು ಬಣ್ಣದ ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ. ಮನೆಯಲ್ಲಿ ಜರ್ಮನ್ ಮೂಲದ ಮಾತು. ಹೊಲ, ಹೈನು, ಮರಗೆಲಸ, ಹೊಲಿಗೆ.

ಬಸ್ ಹೊರಡುವ ಮೊದಲೇ ಗುಂಪಿನ ಹಿರಿಯಾಕೆ ಎದ್ದು ನಿಂತು ಹೇಳಿದರು, ಮುಖದ ಫೋಟೋ ಯಾರೂ ತೆಗೆಯಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ. ಅವರ ಧರ್ಮದಲ್ಲಿ ಫೋಟೋಗೆ ನಿಲ್ಲುವುದು ಸರಿಯಲ್ಲ ಅಂತ ನಂಬಿಕೆ. ಭಾನುವಾರ ಅವರ ಅಂಗಡಿ ಎಲ್ಲಾ ಮುಚ್ಚಿರುತ್ತವೆ, ಅದಕ್ಕೇ ನಾವು ವಾರದ ನಡುವೆ ಹೋಗಿದ್ದು. ಖಾನಾಪುರದವರು ಹೇಳಿದ ಹಾಗೆ ಗಾಡಿಯಲ್ಲೇ ಮಾತಾಡಿಕೊಳ್ಳುವುದು ಬಹಳ ಒಳ್ಳೆಯದು. ಊರು ಮುಟ್ಟಿದ ಮೇಲೆ ಯಾರಿಗೂ ಹೇಳುವ, ತಡೆಯುವ ಮುಜುಗರ ಇರಲಿಲ್ಲ.

ರಸ್ತೆಯಂಚಿನ ಮನೆಗಳ ಮುಂದೆ 'ಕ್ವಿಲ್ಟ್ ಇವೆ' ಅಂತ ಸಣ್ಣ ಹಲಗೆ ಇರುತ್ತದೆ. ಒಂದು ಮನೆಯಲ್ಲಿ ದೊಡ್ಡ ಮರದ ಚೌಕಟ್ಟಿಗೆ ಕ್ವಿಲ್ಟ್ ಬಿಗಿದು ಇಟ್ಟಿದ್ದರು. ತುಂಡುಗಳನ್ನು ಕಾಲಿನಿಂದ ತುಳಿಯುವ ಮಷಿನ್‌ನಲ್ಲಿ ಕೂಡಿಸಿರುತ್ತಾರೆ, ಮೇಲಿನ ಹೊಲಿಗೆ ಮಾತ್ರ ಪೂರಾ ಕೈಯಿಂದ. ಬಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತೆಳುವಾಗಿ ಗೆರೆ ಬರೆದಿತ್ತು, ಸೂಜಿ ಆ ಗೆರೆ ಹಿಡಿದು ಹೋಗುತ್ತಿತ್ತು. ಮನೆಯಾಕೆಯನ್ನು ಕೇಳಿ ಬಗ್ಗಿ ನೋಡಿದೆ. ಒಂದು ಇಂಚಿನಲ್ಲಿ ಹತ್ತು ಟಾಕು, ಸಾಸಿವೆ ಸಾಲು ಇಟ್ಟ ಹಾಗೆ. ಆಕೆಯ ಎಡಗೈ ಚೌಕಟ್ಟಿನ ಕೆಳಗೇ ಇರುತ್ತಿತ್ತು, ಸೂಜಿಯ ಮೊನೆ ಕೆಳಗೆ ಬೆರಳಿಗೆ ತಾಗಿದ ಕೂಡಲೇ ಮೇಲೆ ತಿರುಗಿಸುತ್ತಿದ್ದರು. ಆ ಬೆರಳಿನ ತುದಿ ಗಟ್ಟಿಯಾಗಿ ಸಿಪ್ಪೆ ಎದ್ದಿತ್ತು. ನನ್ನ ತಾಯಿಯ ಬೆರಳು ಹಾಗೇ ಇತ್ತು. ನಾನು ಬ್ಯಾಗಿನಲ್ಲಿದ್ದ ಸಣ್ಣ ಕೌದಿ ತೆಗೆದು ಕೊಟ್ಟೆ, ಮೊಮ್ಮಗಳಿಗೆ ಅಂತ ಹೊಲಿಯುತ್ತಿದ್ದದ್ದು. ಆಕೆ ಮೊದಲು ಅದನ್ನು ತಿರುವಿ ಹಿಂಭಾಗ ನೋಡಿದರು. ಹೊಲಿಯುವವರು ಎಲ್ಲೇ ಆಗಲಿ ಮೊದಲು ಹಿಂಭಾಗವನ್ನೇ ನೋಡುವುದು! ಆಮೇಲೆ ಇಬ್ಬರೂ ಬಹಳ ಹೊತ್ತು ಕೂತೆವು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಎಲ್ಲಾ ತಿಳಿಯಿತು.

ಹಳೆಯ ಲ್ಯಾಂಕಾಸ್ಟರ್ ಕ್ವಿಲ್ಟ್‌ಗಳಲ್ಲಿ ಹೂವಿನ ಬಟ್ಟೆಯೇ ಇಲ್ಲ. ಉಣ್ಣೆಯ ಒಂದೇ ಬಣ್ಣದ ತುಂಡುಗಳು, ನೇರಳೆ, ಕಡುಕೆಂಪು, ನೀಲಿ, ಹಸಿರು. ನಡುವೆ ಒಂದು ದೊಡ್ಡ ವಜ್ರದ ಆಕಾರ. ದೂರದಿಂದ ಬರೀ ಬಣ್ಣ, ಹತ್ತಿರ ಹೋದರೆ ಮೇಲೆಲ್ಲಾ ಗರಿ, ಬಳ್ಳಿಯ ಹೊಲಿಗೆ. ಈಗ ಅಂಗಡಿಯಲ್ಲಿರುವುದು ಬೇರೆ ತರಹ, ಪ್ರಿಂಟ್ ಬಟ್ಟೆಯೂ ಇರುತ್ತದೆ. ದೊಡ್ಡ ಕ್ವಿಲ್ಟ್ ಸಾವಿರ ಡಾಲರ್ ಆಸುಪಾಸು. ಗುಂಪಿನ ಯಾರೂ ಬೆಲೆ ಇಳಿಸಿ ಅಂತ ಕೇಳಲಿಲ್ಲ. ಅಲ್ಲಿ ತಿಳಿದ ಇನ್ನೊಂದು ವಿಷಯ, ಆ ಅಂಗಡಿಗಳಲ್ಲಿ ಮಾರುವ ಎಷ್ಟೋ ಕ್ವಿಲ್ಟ್‌ಗಳನ್ನು ಹೊಲಿದವರು ಲಾವೋಸ್ ಕಡೆಯಿಂದ ನಿರಾಶ್ರಿತರಾಗಿ ಬಂದು ಅಲ್ಲಿ ನೆಲೆಸಿದ ಹ್ಮಾಂಗ್ ಹೆಂಗಸರು. ಅವರ ಹೆಸರು ಚೀಟಿಯ ಮೇಲೆ ಇರುವುದೇ ಇಲ್ಲ. ಅದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಅದಕ್ಕೇ ನಿಮಗೆ ನನ್ನ ಸಲಹೆ, ಹಳಿಯಾಳಕ್ಕೇ ಹೋಗಿ, ನಿಮ್ಮ ಅರ್ಧ ಹೊಲಿದ ಕೌದಿ ಜೊತೆಗೆ ತಗೊಂಡು ಹೋಗಿ. ನಿಮ್ಮ ಕೈಯಲ್ಲೂ ಕೆಲಸ ಇದ್ದರೆ ನೀವು ನೋಡಲು ಬಂದವರಾಗಿ ಉಳಿಯುವುದಿಲ್ಲ, ಅವರೂ ನಿಮ್ಮ ಕೆಲಸ ನೋಡುತ್ತಾರೆ, ಕೇಳುತ್ತಾರೆ, ತಪ್ಪು ತೋರಿಸುತ್ತಾರೆ. ಕೊಂಡು ತರುವ ಕೌದಿಯ ಹಿಂದೆ ಹೊಲಿದವರ ಹೆಸರು, ಊರು ದಾರದಲ್ಲಿ ಬರೆಸಿಕೊಂಡು ಬನ್ನಿ, ಅವರು ಒಪ್ಪಿದರೆ.

ನವನಗರ, ಬಾಗಲಕೋಟೆ

ಹೆಸರು ಬರೆಸುವ ಮಾತು ಬಹಳ ಇಷ್ಟ ಆಯಿತು. ಹಳೆ ಬಾಗಲಕೋಟೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ನಮ್ಮ ಮನೆಯವರು ನವನಗರಕ್ಕೆ ಬಂದರು. ಆಗ ಗಾಡಿಗೆ ಹೇರಿದ ಸಾಮಾನಿನಲ್ಲಿ ಅಜ್ಜಿಯ ಕೌದಿಗಳಿದ್ದವು. ಪಾತ್ರೆ ಪಗಡ ಒಡೆಯಬಾರದು ಅಂತ ಅವುಗಳಲ್ಲೇ ಸುತ್ತಿ ತಂದರು. ಇವತ್ತು ಅವುಗಳಲ್ಲಿ ಯಾವುದು ಅಜ್ಜಿ ಹೊಲಿದದ್ದು, ಯಾವುದು ಅವರ ಅಕ್ಕ ಹೊಲಿದದ್ದು ಹೇಳುವವರೇ ಇಲ್ಲ.

ಸೂಜಿದಾರ ಅವರಿಗೆ ಒಂದು ಕೆಲಸದ ಮಾತು. ಹಳೆ ಬಟ್ಟೆ ಉಡುಗೊರೆ ಕೊಡೋಣ ಅಂತ ಮನೆಯಲ್ಲಿ ಬೇಡವಾದದ್ದನ್ನೆಲ್ಲಾ ಗಂಟು ಕಟ್ಟಿ ಒಯ್ಯಬೇಡಿ. ಕೇಳಿ, ಬೇಕು ಅಂದರೆ ಮಾತ್ರ ಒಯ್ಯಿರಿ. ಅದೂ ಒಗೆದು, ಇಸ್ತ್ರಿ ಮಾಡಿ, ಹತ್ತಿ ಬಟ್ಟೆ ಬೇರೆ, ಸಿಂಥೆಟಿಕ್ ಬೇರೆ ಮಾಡಿ. ಅದಕ್ಕಿಂತ ಒಳ್ಳೆಯ ದಪ್ಪ ದಾರದ ಉಂಡೆ, ಗಟ್ಟಿ ಸೂಜಿ, ಚಲೋ ಕತ್ತರಿ ಒಯ್ದರೆ ಕೆಲಸಕ್ಕೆ ಬರುತ್ತವೆ. ಕತ್ತರಿ ಚಲೋದು ಹಳ್ಳಿಯಲ್ಲಿ ಸಿಗುವುದು ಕಷ್ಟ.

ಸೂಜಿದಾರ, ಬೆಳಗಾವಿ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ ಎಲ್ಲರೂ ಕೂತಾಗ ಈ ಉತ್ತರಗಳನ್ನು ಗಟ್ಟಿಯಾಗಿ ಓದಿದೆ. ಆಮಿಶ್ ಮನೆಯಾಕೆ ಕೌದಿ ತಿರುವಿ ನೋಡಿದ್ದನ್ನು ಓದಿದಾಗ ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಕೆಲಸ ತಿರುವಿ ನೋಡಿಕೊಂಡರು.

ತೀರ್ಮಾನ ಆಯಿತು. ಫೆಬ್ರವರಿಯಲ್ಲಿ ಹಳಿಯಾಳ ಕಡೆ. ಗುಳೇದಗುಡ್ಡಕ್ಕೆ ಮುಂದಿನ ಸಲ ಬಾದಾಮಿಯಲ್ಲಿ ಉಳಿದುಕೊಂಡು ಬರುತ್ತೇವೆ ಮಗ್ಗದಮನೆಯವರೆ, ಕುಣಿ ಮಗ್ಗವನ್ನೇ ತೋರಿಸಿ. ಫೋನು ಬ್ಯಾಗಿನಲ್ಲೇ ಇರಬೇಕು, ಕೌದಿಯ ಫೋಟೋ ಬೇಕಾದರೆ ಕೇಳಿ ತೆಗೆಯಬೇಕು, ಚೌಕಾಸಿ ಇಲ್ಲ, ಎಲ್ಲರೂ ಒಪ್ಪಿದ್ದಾರೆ. ಕಾಲೇಜು ಹುಡುಗಿಯರೇ ಮೊದಲು ಒಪ್ಪಿದ್ದು.

ಖಾನಾಪುರದವರೆ, ಇನ್ನೆರಡು ಪ್ರಶ್ನೆ. ನಾವು ಮೊದಲು ಯಾರ ಜೊತೆ ಮಾತಾಡಬೇಕು, ಗುಂಪಿನ ಹೆಂಗಸರ ಜೊತೆ ನೇರವಾಗಿ ಮಾತಾಡಬಹುದಾ? ಮೊಣಕಾಲು ನೋವಿನವರು ನೆಲದ ಮೇಲೆ ಕೂರಲಾರರು, ಅದಕ್ಕೇನು ಮಾಡುವುದು?

ಖಾನಾಪುರದವಳು

ನೇರವಾಗಿಯೇ ಮಾತಾಡಿ, ಮಧ್ಯದಲ್ಲಿ ಯಾರೂ ಬೇಡ. ಅವರನ್ನು ಕೇಳಿಕೊಂಡು, ಅವರು ಒಪ್ಪಿದ ಮೇಲೆ ನಿಮಗೆ ಖಾಸಗಿಯಾಗಿ ಮೆಸೇಜ್ ಮಾಡುತ್ತೇನೆ, ಇಲ್ಲಿ ನಂಬರ್ ಹಾಕುವುದಿಲ್ಲ. ಸಂಜೆ ಏಳರ ಮೇಲೆ ಫೋನ್ ಮಾಡಿ, ಅದಕ್ಕೆ ಮುಂಚೆ ಕೆಲಸದಲ್ಲಿರುತ್ತಾರೆ. ಎಷ್ಟು ಜನ, ಎಷ್ಟು ಹೊತ್ತಿಗೆ, ಊಟ ಅಲ್ಲೇನಾ, ಕಲಿಸುವವರಿಗೆ ಎಷ್ಟು, ಇಷ್ಟನ್ನೂ ಮೊದಲ ಫೋನಿನಲ್ಲೇ ಹೇಳಿಬಿಡಿ. ಬರುವವರ ಸಂಖ್ಯೆ ಕಡಿಮೆ ಆದರೂ ಹೇಳಿದಷ್ಟು ದುಡ್ಡು ಕೊಡಿ, ಏಕೆಂದರೆ ಅವರು ಆ ದಿನದ ಕೂಲಿ ಬಿಟ್ಟಾಗಿರುತ್ತದೆ.

ಕೂರುವ ವಿಷಯಕ್ಕೆ ಚಿಂತೆ ಬೇಡ. ಎಷ್ಟೋ ಮನೆಗಳಿಗೆ ಮುಂದೆ ಜಗುಲಿ ಇದೆ, ಕಾಲು ಇಳಿಬಿಟ್ಟು ಕೂರಬಹುದು. ಬೇಕಾದರೆ ಎರಡು ಮಡಚುವ ಕುರ್ಚಿ ಗಾಡಿಯಲ್ಲಿ ಹಾಕಿಕೊಳ್ಳಿ. ಅವರ ಕೌದಿ ತೊಡೆಯ ಮೇಲೆ ಇಟ್ಟುಕೊಂಡೇ ಹೊಲಿಯುವಂಥದ್ದು, ನೆಲದಲ್ಲೇ ಹಾಸಬೇಕು ಅಂತಿಲ್ಲ.

ಹೋಗುವಾಗ ಎಲ್ಲೂ ನಿಲ್ಲಬೇಡಿ, ಬೆಳಗಿನ ಹೊತ್ತು ಹೊಲಿಗೆಗೆ ಸಿಗಲಿ. ವಾಪಸ್ ಬರುವಾಗ ಬೆಳಕಿದ್ದರೆ ನಂದಗಡದಲ್ಲಿ ರಾಯಣ್ಣನ ಸಮಾಧಿ ಇದೆ, ಹತ್ತಿರದ ಹಲಸಿಯಲ್ಲಿ ಕದಂಬರ ಕಾಲದ ಭೂವರಾಹ ನರಸಿಂಹ ಗುಡಿ ಇದೆ. ಮೊದಲ ಸಲಕ್ಕೆ ಸಣ್ಣ ಕೌದಿ ಶುರು ಮಾಡಿ, ಮಗುವಿನ ಅಳತೆಯದ್ದು. ಒಂದು ಮೂಲೆ, ಒಂದು ಬದಿ ಅಲ್ಲೇ ಅವರ ಜೊತೆ ಹೊಲಿದು ಕೈಗೆ ಹತ್ತಿಸಿಕೊಂಡರೆ ಉಳಿದದ್ದು ಅನಗೋಳದಲ್ಲಿ ಕೂತು ಮುಗಿಸಬಹುದು. ಫುಲಾ ಮಡಚುವುದನ್ನು ಮಾತ್ರ ಅವರ ಎದುರಿಗೇ ಕಲಿತು ಬನ್ನಿ, ಅದು ವಿಡಿಯೋ ನೋಡಿ ಬರುವಂಥದ್ದಲ್ಲ.